ಒಂಬತ್ತನೇ ಕಾಲಮ್ಮಿನ ಪೂರ್ವಜರು

ಬೆಂಗಳೂರಿನ ಹೊರವಲಯದಲ್ಲಿ ಎರಡು ಬೆಡ್‌ರೂಮಿನ ಫ್ಲಾಟು ಕೊಂಡ ಯಾರನ್ನಾದರೂ ಹಿಡಿದು, ‘ನಿಮ್ಮ ಮುತ್ತಜ್ಜಿಯ ಹೆಸರೇನು?’ ಎಂದು ಕೇಳಿ. ತಬ್ಬಿಬ್ಬಾಗುತ್ತಾರೆ. ಊರಿಗೆ ಫೋನು ಮಾಡುತ್ತಾರೆ. ಅತ್ತಲಿಂದ ತಾಯಿ, ‘ಎಲ್ರೂ ದೊಡ್ಡಮ್ಮ ದೊಡ್ಡಮ್ಮ ಅಂತಿದ್ರು ಕಣೋ, ಹೆಸರು ಯಾರು ಕೇಳಿದ್ರು’ ಅನ್ನುತ್ತಾರೆ. ಅದೇ ಮನುಷ್ಯನಿಗೆ ಆ ಫ್ಲಾಟು ಎದ್ದಿರುವ ನೆಲದ ಮೂಲ ಖಾತೆದಾರನ ವಿಷಯ ಕೇಳಿ ನೋಡಿ. ಆತನ ಅಪ್ಪ ಯಾರು, ಅಜ್ಜ ಯಾರು, ಅಜ್ಜನಿಗೆ ಸಂಸಾರಗಳೆಷ್ಟು, ಕಿರಿಯ ಹೆಂಡತಿಯ ಮಗ ತಕರಾರು ಅರ್ಜಿ ಹಾಕಿದ್ದು ಯಾವಾಗ, ಅದನ್ನು ವಾಪಸು ತೆಗೆಯಲು ಎಷ್ಟು ಕೇಳಿದ, ಮದುವೆಯಾಗಿ ಹೊಸಕೋಟೆ ಕಡೆಗೆ ಹೋದ ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೋ ಇಲ್ಲವೋ, ಒಂದೂ ಬಿಡದೆ ಒಪ್ಪಿಸುತ್ತಾರೆ. ಬ್ಯಾಂಕಿನ ಪ್ಯಾನೆಲ್ ವಕೀಲರು ಬರೆದುಕೊಟ್ಟ ಲೀಗಲ್ ಒಪಿನಿಯನ್ನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ ಜನ ಇವರು. ಸ್ವಂತ ವಂಶದಲ್ಲಿ ಅಜ್ಜನ ಆಚೆಗೆ ಕತ್ತಲೆ. ಮಾರಿದವನ ವಂಶದಲ್ಲಿ ನಾಲ್ಕು ತಲೆಮಾರು ಝಗಮಗ.

ಅವರದೇನೂ ತಪ್ಪಿಲ್ಲ ಬಿಡಿ. ನಮ್ಮಲ್ಲಿ ವಂಶ ಸೇರಿರುವುದು ರಕ್ತಕ್ಕಲ್ಲ, ಸರ್ವೆ ನಂಬರಿಗೆ. ವಂಶವೃಕ್ಷ ಎಂಬ ಕಾಗದ ಸಿಗುವುದೇ ನಾಡಕಚೇರಿಯಲ್ಲಿ. ಅದಕ್ಕೆ ಅರ್ಜಿ ಹಾಕಬೇಕಾದರೆ ಮನೆಯಲ್ಲಿ ಯಾರಾದರೂ ಸತ್ತಿರಬೇಕು, ಸತ್ತವರು ಏನಾದರೂ ಬಿಟ್ಟಿರಬೇಕು. ಏನೂ ಬಿಡದೆ ಸತ್ತವನ ಮೊಮ್ಮಗ ಹೋಗಿ ‘ಸುಮ್ಮನೆ, ನಮ್ಮ ಹಿರೀಕರು ಯಾರು ಅಂತ ತಿಳ್ಕೊಳ್ಳೋಣ ಅಂತ’ ಎಂದರೆ, ಗ್ರಾಮ ಆಡಳಿತಾಧಿಕಾರಿ ಅವನನ್ನು ಕೂರಿಸಿ ನೀರು ಕೊಟ್ಟು, ಜೊತೆಗೆ ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸುತ್ತಾರೆ.

ಈ ಚಾಳಿ ಇಂದಿನದಲ್ಲ. ಶಾಲೆಯಲ್ಲಿ ಎದೆಯುಬ್ಬಿಸಿ ಓದಿದ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಸುಮಾರು ಕ್ರಿ.ಶ. 450ರದು. ಅದರಲ್ಲಿ ಕನ್ನಡಿಗರು ಏನು ಹೇಳಿದ್ದಾರೆ? ಯುದ್ಧದಲ್ಲಿ ಮೆರೆದವನೊಬ್ಬನಿಗೆ ಎರಡು ಊರು ಬಿಟ್ಟುಕೊಟ್ಟದ್ದು, ಅದನ್ನು ಕಸಿದವನಿಗೆ ಪಾಪ ತಗಲುತ್ತದೆ ಎಂದದ್ದು. ಅಂದರೆ ನಮ್ಮ ನುಡಿ ಕಲ್ಲಿನ ಮೇಲೆ ಬಾಯಿ ಬಿಟ್ಟದ್ದೇ ಜಮೀನಿನ ವಿಷಯಕ್ಕೆ, ಅದೂ ಆಕ್ಷೇಪಣೆಯನ್ನು ಮೊದಲೇ ಊಹಿಸಿಕೊಂಡು. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲೂ ಪುಟ ತಿರುವಿದಲ್ಲೆಲ್ಲ ದಾನ, ದತ್ತಿ, ಎಲ್ಲೆ, ಶಾಪ. ಸಾವಿರದೈನೂರು ವರ್ಷಗಳಲ್ಲಿ ಆಗಿರುವ ಪ್ರಗತಿಯೆಂದರೆ ಶಾಪದ ಜಾಗಕ್ಕೆ ತಡೆಯಾಜ್ಞೆ ಬಂದಿರುವುದು. ಶಾಪದ ಪರಿಣಾಮ ಮುಂದಿನ ಜನ್ಮದಲ್ಲಾದರೂ ಇತ್ಯರ್ಥವಾಗುತ್ತಿತ್ತು.

ನನ್ನ ಷಡ್ಡಕರೊಬ್ಬರು ನಿವೃತ್ತಿಯ ನಂತರ ಮನೆತನದ ಚರಿತ್ರೆ ಬರೆಯಲು ಹೊರಟರು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಪ್ರಕಟಿಸಿದ ದಿನ ಅಮೆರಿಕದಲ್ಲಿರುವ ಸೋದರಳಿಯನಿಂದ ಹಿಡಿದು ಎಲ್ಲರೂ ಹೆಬ್ಬೆರಳು ಎತ್ತಿ ಹುರಿದುಂಬಿಸಿದರು. ಮೂಲಪುರುಷ ವಿಜಯನಗರದ ಅರಸರ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಎಂಬುದು ಮನೆಯಲ್ಲಿ ಮೊದಲಿನಿಂದ ಇದ್ದ ಮಾತು. (ಕರ್ನಾಟಕದ ಮನೆಮನೆಯ ಮಾತನ್ನು ನಂಬುವುದಾದರೆ ವಿಜಯನಗರದಲ್ಲಿ ಮಂತ್ರಿಗಳು, ದಂಡನಾಯಕರು, ರಾಜಗುರುಗಳು ಮಾತ್ರ ಇದ್ದರು. ಪ್ರಜೆಯಾಗಿದ್ದವನ ಮೊಮ್ಮಗ ನನಗೆ ಇನ್ನೂ ಸಿಕ್ಕಿಲ್ಲ.) ಮಂತ್ರಿಯಿಂದ ತಮ್ಮವರೆಗೆ ನಡುವಿನ ಹೆಸರುಗಳನ್ನು ತುಂಬುವುದಷ್ಟೇ ಬಾಕಿ ಎಂದು ಷಡ್ಡಕರು ತಿಳಿದಿದ್ದರು.

ಮೊದಲು ಹೆಳವರನ್ನು ಕೇಳಿದರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ಹೊತ್ತಿಗೆ ಬಿಚ್ಚಿ, ಇಂಥವನ ಮಗ ಇಂಥವನು, ಇಂಥ ಊರಿಂದ ಇಂಥ ಊರಿಗೆ ಬಂದವನು ಎಂದು ಪೀಳಿಗೆಗಟ್ಟಲೆ ಹೇಳುವ ಆ ಜನರ ನೆನಪು ದೊಡ್ಡದು. ಆದರೆ ಕಾಳು ಕೊಡುವ ಮನೆಯ ಮುಂದೆ ನಿಂತು ‘ನಿಮ್ಮ ಮುತ್ತಜ್ಜ ಇಸ್ಪೀಟಾಡಿ ಗದ್ದೆ ಕಳೆದ’ ಎಂದು ಯಾವ ಹೆಳವ ಹೇಳಿಯಾನು? ಆ ಕೆಲಸಕ್ಕೆ ಸರ್ಕಾರ ಬೇರೆ ವ್ಯವಸ್ಥೆ ಮಾಡಿದೆ. ಅದರ ಹೆಸರು ಸಬ್‌ರಿಜಿಸ್ಟ್ರಾರ್ ಕಚೇರಿ.

1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಕ್ರಯ, ಭೋಗ್ಯ, ವಿಭಾಗ, ದಾನ ಎಲ್ಲ ಏರುವುದು ಒಂದನೇ ಪುಸ್ತಕಕ್ಕೆ. ಶುಲ್ಕ ಕಟ್ಟಿದರೆ ಅದನ್ನು ಯಾರು ಬೇಕಾದರೂ ನೋಡಬಹುದು. ಉಯಿಲುಗಳದು ಮೂರನೇ ಪುಸ್ತಕ. ಬರೆದವನು ಬದುಕಿರುವವರೆಗೆ ಅದರ ನಕಲು ಪರರಿಗೆ ಸಿಗುವುದಿಲ್ಲ, ಸತ್ತ ಮೇಲೆ ಕೇಳಿದವರಿಗೆಲ್ಲ ಸಿಗುತ್ತದೆ. ಮನೆಯ ಮರ್ಯಾದೆಯನ್ನು ಹೊರಗಿನವರು ನೋಡದ ಹಾಗೆ ಮುಚ್ಚಿಟ್ಟುಕೊಂಡು ಬಂದ ಹಿರಿಯರು ಸಾಲದ ಮಟ್ಟಿಗೆ ಎಲ್ಲವನ್ನೂ ದೊರೆಯ ದಫ್ತರದಲ್ಲಿ ಬರೆಸಿ, ರುಜು ಹಾಕಿ, ಎರಡು ಸಾಕ್ಷಿ ಹಾಕಿಸಿ ಹೋಗಿದ್ದಾರೆ. ಆನ್‌ಲೈನಿನಲ್ಲಿ ಋಣಭಾರ ಪತ್ರ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನ ಪೂರ್ವಜರು ಬೇಕೆಂದರೆ ಕೈಬರಹದ ಸೂಚಿಗಳನ್ನು ತಿರುವಿ ನೋಡಲು ಕಚೇರಿಯವರಿಗೆ ಮನಸ್ಸು ಬರಬೇಕು. ಮನಸ್ಸು ಬರುವ ಬಗೆ ಓದುಗರಿಗೆ ತಿಳಿದೇ ಇದೆ.

ಷಡ್ಡಕರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೂ ಹೋದರು. ಯಾವ ತಾಲ್ಲೂಕು ಎಂದು ಬೇಡ. ಕಿಟಕಿಯ ಆಚೆ ಕಟ್ಟುಗಳ ಸಾಲು, ಕೆಂಪು ಬಟ್ಟೆ ಬಿಳಿಚಿ ಮಣ್ಣಿನ ಬಣ್ಣವಾಗಿದೆ. ಒಂದು ಕಟ್ಟಿನ ಮೂಲೆಯಿಂದ ಗೆದ್ದಲು ಹುಳಗಳು ಮೇಲಿನ ಕಟ್ಟಿಗೆ ದಾರಿ ಮಾಡಿಕೊಂಡಿವೆ. ಕಟ್ಟುಗಳ ನಡುವಿನಿಂದ ಎದ್ದುಬಂದ ಗುಮಾಸ್ತರು, ‘ಸರ್ವೆ ನಂಬರ್ ಹೇಳಿ ಯಜಮಾನ್ರೇ’ ಅಂದರು.

‘ನಂಬರ್ ಗೊತ್ತಿಲ್ಲ ಸ್ವಾಮಿ. ನಮ್ಮ ಮುತ್ತಜ್ಜನ ಹೆಸರು, ಅವರ ತಂದೆ ಹೆಸರು, ಊರು ಎಲ್ಲ ಇದರಲ್ಲಿ ಬರೆದಿದ್ದೀನಿ.’

‘ಹೆಸರಿನ ಮೇಲೆ ಹುಡುಕೋಕಾಗಲ್ಲ. ನಂಬರ್ ತನ್ನಿ, ಅಜ್ಜ ಸಿಗ್ತಾರೆ.’

ಇದಕ್ಕಿಂತ ಸಂಕ್ಷಿಪ್ತವಾಗಿ ನಮ್ಮ ಸಮಾಜಶಾಸ್ತ್ರವನ್ನು ಯಾವ ವಿಶ್ವವಿದ್ಯಾಲಯವೂ ಹೇಳಿಲ್ಲ. ಷಡ್ಡಕರು ಹೇಗೋ ನಂಬರು ಹುಡುಕಿ ಅರ್ಜಿ ಕೊಟ್ಟರು. ಹಿಂಬರಹ ಬಂತು: ಕೋರಿರುವ ದಾಖಲೆ ಶಿಥಿಲಗೊಂಡಿರುವುದರಿಂದ ನಕಲು ನೀಡಲು ಸಾಧ್ಯವಿರುವುದಿಲ್ಲ. ಈಗ ಸರ್ಕಾರ ‘ಭೂ ಸುರಕ್ಷಾ’ ಎಂದು ಹಳೆಯ ಕಟ್ಟುಗಳನ್ನೆಲ್ಲ ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯದು. ಗೆದ್ದಲು ಓದಿ ಉಳಿಸಿದ್ದು ನಮಗೂ ಓದಲು ಸಿಗುತ್ತದೆ. ವಿಚಿತ್ರವೆಂದರೆ, ದಾವೆ ನಡೆಯುತ್ತಿರುವ ನಂಬರುಗಳ ಪುಟಗಳನ್ನೇ ಗೆದ್ದಲು ಹೆಚ್ಚು ಇಷ್ಟಪಡುತ್ತದೆ ಎಂದು ವಕೀಲರು ಹೇಳುತ್ತಾರೆ. ರುಚಿ ಇರಬಹುದು.

ಆದರೂ ಒಂದು ಹಳೆಯ ಕ್ರಯಪತ್ರದ ದೃಢೀಕೃತ ನಕಲು ಷಡ್ಡಕರ ಕೈಗೆ ಬಂತು. ಮುತ್ತಜ್ಜ ಬರೆದುಕೊಟ್ಟದ್ದು. ಅದನ್ನು ಅವರು ಓದಿದ್ದು ಕಣ್ಣೀರಿಟ್ಟುಕೊಂಡು. ‘ನಮ್ಮ ಸಂಸಾರದ ಕಷ್ಟಕ್ಕಾಗಿಯೂ, ಕೈಸಾಲ ತೀರಿಸುವ ಸಲುವಾಗಿಯೂ, ಮಗಳ ವಿವಾಹದ ಖರ್ಚಿಗಾಗಿಯೂ’ ನೀರಾವರಿ ಜಮೀನನ್ನು ಮಾರಿದ್ದೇನೆ ಎಂದು ಅದರಲ್ಲಿತ್ತು. ‘ನೋಡಿ, ಮಗಳಿಗೋಸ್ಕರ ತರಿ ಮಾರಿದ ಮಹಾನುಭಾವ’ ಎಂದು ಗುಂಪಿನಲ್ಲಿ ಹಾಕಿದರು. ಎಲ್ಲರೂ ಕೈ ಮುಗಿದರು. ಆ ಮಹಾನುಭಾವನಿಗೆ ಹೆಣ್ಣುಮಕ್ಕಳೇ ಇರಲಿಲ್ಲ ಎಂದು ಹಿರಿಯಜ್ಜಿಯೊಬ್ಬರು ಹೇಳುವವರೆಗೆ ಈ ಭಕ್ತಿ ನಡೆಯಿತು.

ಇದರಲ್ಲಿ ಮುತ್ತಜ್ಜನ ಮೋಸ ಏನೂ ಇಲ್ಲ. ಅವಿಭಕ್ತ ಕುಟುಂಬದ ಯಜಮಾನ ಪಿತ್ರಾರ್ಜಿತ ಸ್ವತ್ತನ್ನು ಮಾರಬೇಕಾದರೆ ಕುಟುಂಬಕ್ಕೆ ಅಗತ್ಯ ಬಿದ್ದಿರಬೇಕು ಎಂದು ಹಿಂದೂ ನ್ಯಾಯಶಾಸ್ತ್ರ ಹೇಳುತ್ತದೆ. ಇಲ್ಲದಿದ್ದರೆ ಮುಂದೆ ಮಗನೋ ಮೊಮ್ಮಗನೋ ದಾವೆ ಹಾಕಿ ಕ್ರಯವನ್ನೇ ರದ್ದು ಮಾಡಿಸಬಹುದು. ಕೊಳ್ಳುವವನಿಗೆ ಅದರ ಭಯ. ಹಾಗಾಗಿ ಪತ್ರ ಬರಹಗಾರ ಊರಿನ ಎಲ್ಲರ ಪತ್ರಕ್ಕೂ ಕಷ್ಟ, ಸಾಲ, ಮಗಳ ಮದುವೆ ಈ ಮೂರನ್ನೂ ಹಾಕಿಯೇ ‘ಬಿಕ್ಕಲಂ’ ಎಂದು ಕೆಳಗೆ ತನ್ನ ಹೆಸರು ಬರೆಯುತ್ತಿದ್ದ. ಹೆಂಡದಂಗಡಿಯ ಬಾಕಿ, ಎತ್ತಿನ ಜಾತ್ರೆಯ ಪಂದ್ಯ, ಕಂಪನಿ ನಾಟಕದ ಸ್ತ್ರೀಪಾತ್ರಧಾರಿಯ ಮೇಲಿನ ಅಭಿಮಾನ, ಇವೆಲ್ಲ ಸಂಸಾರದ ಕಷ್ಟದ ಲೆಕ್ಕಕ್ಕೇ ಜಮಾ. ಮಾರಿದ ನೆಲಕ್ಕಾದರೋ ಏನು ಭಾಗ್ಯ! ನಿಧಿ, ನಿಕ್ಷೇಪ, ಜಲ, ತರು, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧಸಾಧ್ಯ ಎಂದು ಅಷ್ಟಭೋಗ ತೇಜಸ್ವಾಮ್ಯ ಸಮೇತ ಒಪ್ಪಿಸಿದ್ದಾನೆ. ಶಾಸನದ ಕಾಲದ ಈ ಮಾತು ಇಂದಿಗೂ ಮೂವತ್ತು ನಲವತ್ತರ ಸೈಟಿನ ಪತ್ರದಲ್ಲಿ ಬರುತ್ತದೆ. ನಿಧಿ ಸಿಗುವ ಮೊದಲು ಅಲ್ಲಿ ಸಿಗುವುದು ಪಕ್ಕದ ಮನೆಯ ಯುಜಿಡಿ ಪೈಪು. ಬೆಲೆಯ ವಿಷಯದಲ್ಲಿ ಪತ್ರಗಳು ಯಾವತ್ತೂ ಸಂಕೋಚದ ಸ್ವಭಾವದವು. ಮುದ್ರಾಂಕ ಶುಲ್ಕದ ಭಯಕ್ಕೆ ತಗ್ಗಿ ನಡೆಯುತ್ತವೆ.

ನಂಬಬೇಕಾದದ್ದು ಪತ್ರದ ಕೊನೆಯ ಚಕ್ಕುಬಂದಿಯನ್ನು. ಸುಳ್ಳು ಹೇಳಬೇಕೆಂದು ಯಾರಿಗೂ ಅನ್ನಿಸದ ಜಾಗ ಅದೊಂದೇ. ಪೂರ್ವಕ್ಕೆ ಇಂಥವನ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಮತ್ತೊಬ್ಬನ ಗದ್ದೆ. ಷಡ್ಡಕರ ಮುತ್ತಜ್ಜನ ಪೂರ್ವಕ್ಕೂ ಉತ್ತರಕ್ಕೂ ಇದ್ದ ಇಬ್ಬರ ಹೆಸರಿನ ಮುಂದಿನ ‘ಬಿನ್’ ಆದ ಮೇಲೆ ಒಂದೇ ಹೆಸರಿತ್ತು, ಮುತ್ತಜ್ಜನ ತಂದೆಯ ಹೆಸರು. ಮನೆಯ ಕಥೆಯಲ್ಲಿ ಮುತ್ತಜ್ಜ ಒಬ್ಬನೇ ಮಗ. ನೆಲದ ಪ್ರಕಾರ ಅವನ ಇಬ್ಬರು ಅಣ್ಣತಮ್ಮಂದಿರು ಎರಡು ದಿಕ್ಕಿಗೆ ನಿಂತಿದ್ದಾರೆ. ಒಂದೇ ಬದುವಿನ ಮೇಲೆ ಮೂರು ತಲೆಮಾರು ಜಗಳವಾಡಿದವರು ಕಥೆಯಿಂದ ಒಬ್ಬರನ್ನೊಬ್ಬರು ಅಳಿಸಿಹಾಕಿದ್ದರು. ಚಕ್ಕುಬಂದಿಯಿಂದ ಅಳಿಸಲು ಆಗಿರಲಿಲ್ಲ.

ಹಾಗೆ ನೋಡಿದರೆ ವಂಶವೃಕ್ಷ ಬರೆಯುವ ಶ್ರಮವೇ ಬೇಡ, ಸರ್ವೆ ನಂಬರೇ ಅದನ್ನು ಹೇಳುತ್ತದೆ. ಮುಂಬಯಿ ಪದ್ಧತಿಯ ಕಂದಾಯ ಸರ್ವೆ ಮೈಸೂರು ಸೀಮೆಯಲ್ಲಿ ಶುರುವಾದದ್ದು 1863ರಲ್ಲಿ. ಮೂವತ್ತಮೂರು ಅಡಿಯ ಸರಪಳಿ ಎಳೆದು, ಕಲ್ಲು ನೆಟ್ಟು, ಹೊಲಕ್ಕೊಂದು ನಂಬರು ಕೊಟ್ಟರು. ಆ ಸರಪಳಿ ಉದ್ದ, ಅಷ್ಟೇ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಅಂದು ಒಂದು ಹೊಲದ ನಂಬರು ಬರೀ 45. ಮಕ್ಕಳು ಪಾಲಾದರು, ಪೋಡಿಯಾಯಿತು, 45/1 ಮತ್ತು 45/2 ಬಂದವು. ಮೊಮ್ಮಕ್ಕಳು ಮಾತು ಬಿಟ್ಟರು, 45/1ಎ ಆಯಿತು. ಮರಿಮಕ್ಕಳು ಕೋರ್ಟು ಹತ್ತಿದರು, 45/1ಎ2 ಆಯಿತು. ಅಳತೆಯೇ ಆಗದೆ ಕಾಗದದಲ್ಲೇ ಭಾಗವಾದವರಿಗೆ ‘ಪೈಕಿ’ ಎಂಬ ಬಾಲ ಬಂತು. ಗೀಟಿನ ಕೆಳಗಿನ ಒಂದೊಂದು ಅಂಕಿಯೂ ಯಾವುದೋ ಹಬ್ಬದ ದಿನ ಊಟದೆಲೆ ಬಿಟ್ಟೆದ್ದ ಒಬ್ಬ ಮನುಷ್ಯ. ನಂಬರು ಉದ್ದವಾದಷ್ಟೂ ಹೊಲ ಚಿಕ್ಕದು.

ಪಹಣಿಯ ಒಂಬತ್ತನೇ ಕಾಲಂ ಖಾತೆದಾರನದು. ಷಡ್ಡಕರಂಥ ಚರಿತ್ರಕಾರರ ಕಣ್ಣು ಅದರ ಆಚೆಗೆ ಹೋಗುವುದಿಲ್ಲ. ಹನ್ನೊಂದನೇ ಕಾಲಂನಲ್ಲಿ ಸಾಲದ ವಿವರ ಇರುತ್ತದೆ. ಅದನ್ನು ಮಡಚಿ ಝೆರಾಕ್ಸ್ ಮಾಡಿಸುವುದು ವಾಡಿಕೆ. ಹನ್ನೆರಡನೆಯದು ಸಾಗುವಳಿಯದು. ಉತ್ತವನ ಹೆಸರು ಬರಬೇಕಾದ ಜಾಗ. ಬಂದರೆ ಗೇಣಿ ಹಕ್ಕು ಹುಟ್ಟಿಬಿಡುತ್ತದೆಂದು ಎಷ್ಟೋ ಕಡೆ ಅಲ್ಲಿ ವರ್ಷವರ್ಷವೂ ‘ಸ್ವಂತ’ ಎಂದೇ ಬರೆಸಿದರು. ನೇಗಿಲು ಮುಟ್ಟದ, ಬೆಂಗಳೂರಿನಲ್ಲಿ ಹೈಕೋರ್ಟು ವಕೀಲಿಕೆ ಮಾಡುವವನೂ ದಾಖಲೆಯಲ್ಲಿ ಸ್ವಂತ ರಾಗಿ ಬೆಳೆದ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಅಳತೆಯ ಕೊಳಗದ ಮೋಸಕ್ಕೆ ತಿರುಗಿಬಿದ್ದದ್ದು, 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು, ಫಾರಂ ನಂ. 7 ತುಂಬಿಕೊಂಡು ಗೇಣಿದಾರರು ಭೂ ನ್ಯಾಯಮಂಡಳಿಯ ಮುಂದೆ ನಿಂತದ್ದು, ಇವೆಲ್ಲ ಹನ್ನೆರಡನೇ ಕಾಲಮ್ಮಿನವರು ಒಂಬತ್ತನೇ ಕಾಲಮ್ಮಿಗೆ ನಡೆದುಹೋದ ಕಥೆ. ಮೂರು ಕಾಲಂ ದೂರಕ್ಕೆ ಮೂರು ತಲೆಮಾರು ಬೇಕಾಯಿತು.

ಆ ಕಥೆಯನ್ನು ಎರಡು ಮನೆಗಳಲ್ಲಿ ಎರಡು ಥರ ಹೇಳುತ್ತಾರೆ. ಕಳೆದುಕೊಂಡವರ ಮನೆಯಲ್ಲಿ ಅದು ‘ಅರಸು ಕಾಲದಲ್ಲಿ ನಮ್ಮ ನೂರೆಕರೆ ಹೋಯ್ತು’. ಈ ನೂರೆಕರೆಯನ್ನೆಲ್ಲ ಕೂಡಿಸಿದರೆ ಅರಬ್ಬೀ ಸಮುದ್ರದಲ್ಲೂ ಕೆಲವು ಸರ್ವೆ ನಂಬರು ತೆರೆಯಬೇಕಾಗುತ್ತದೆ. ಪಡೆದವರ ಮನೆಯಲ್ಲಿ ಹೇಳುವವರೇ ಕಡಿಮೆ. ಅಜ್ಜ ಗೇಣಿದಾರನಾಗಿದ್ದ ಎಂದು ಮೊಮ್ಮಗನ ಮದುವೆ ಮಾತುಕತೆಯಲ್ಲಿ ಯಾರು ಹೇಳುತ್ತಾರೆ? ಅವನೂ ಮೂಲಪುರುಷನನ್ನು ಹುಡುಕುತ್ತ ವಿಜಯನಗರದ ಕಡೆ ಹೊರಟಿದ್ದಾನೆ. ನ್ಯಾಯಮಂಡಳಿಯ ಕಡತದಲ್ಲಿ ಅವನ ಅಜ್ಜ ಹೆದರುತ್ತ, ಬೆವರುತ್ತ, ಒಡೆಯನ ಎದುರಿಗೇ ನಿಂತು ‘ನಾನೇ ಉತ್ತಿದ್ದು ಸ್ವಾಮಿ’ ಎಂದು ಕೊಟ್ಟ ಹೇಳಿಕೆ ಇದ್ದರೂ ಇದ್ದೀತು. ಮಂತ್ರಿಗಿರಿಗಿಂತ ದೊಡ್ಡದು ಅದು. ಅದರ ನಕಲಿಗೆ ಅರ್ಜಿ ಹಾಕಿದವರನ್ನು ನಾನು ಕಂಡಿಲ್ಲ.

ಅತ್ತ, ಕೃಷಿಕನಲ್ಲದವನು ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂಬ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಇದ್ದಷ್ಟು ಕಾಲ ನಾಡಿನಲ್ಲಿ ವಂಶ ಸಂಶೋಧನೆಗೆ ಸುಗ್ಗಿ. ಹವಾನಿಯಂತ್ರಿತ ಕೋಣೆಯಲ್ಲಿ ಹುಟ್ಟಿದವರೂ ಫಾರ್ಮ್‌ಹೌಸಿನ ಆಸೆಗೆ ರೈತ ಅಜ್ಜನನ್ನು ಹುಡುಕಿಕೊಂಡು ಹಳ್ಳಿಗೆ ಬಂದರು. ಅಜ್ಜ ಸಿಕ್ಕದವರಿಗೆ ಚಿಕ್ಕಜ್ಜ ಸಿಕ್ಕಿದ. ಯಾರೂ ಸಿಕ್ಕದವರಿಗೆ ಯಾರದೋ ಅಜ್ಜ ಸಿಕ್ಕಿದ. 2020ರಲ್ಲಿ ಆ ಕಲಮುಗಳನ್ನು ಕಿತ್ತುಹಾಕಿದ ಮೇಲೆ ಅಜ್ಜಂದಿರ ಬೆಲೆ ಬಿತ್ತು. ಈಗ ಅವರನ್ನು ನೆನೆಯುವುದು ಕೃಷಿ ವಿಶ್ವವಿದ್ಯಾಲಯದ ಸೀಟಿಗೆ ಕೃಷಿಕರ ಕೋಟಾದಡಿ ಅರ್ಜಿ ಹಾಕುವ ತಿಂಗಳಲ್ಲಿ ಮಾತ್ರ.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಹಳೆಯ ದಾಖಲೆಗಳಲ್ಲಿ ಗಂಡಸು ಅಪ್ಪನ ‘ಬಿನ್’, ಹೆಂಗಸು ಗಂಡನ ‘ಕೋಂ’. ಅವಳ ಹೆಸರು ಖಾತೆಗೆ ಬರಬೇಕಾದರೆ ಗಂಡ ಸತ್ತಿರಬೇಕು, ಮಕ್ಕಳು ಅಪ್ರಾಪ್ತರಾಗಿರಬೇಕು. ಹುಡುಗ ಹದಿನೆಂಟಕ್ಕೆ ಬಂದ ಕೂಡಲೇ ಗಾರ್ಡಿಯನ್ ತಾಯಿ ದಾಖಲೆಯಿಂದ ಇಳಿದು ಅಡುಗೆಮನೆಗೆ ವಾಪಸು. ಹೆಣ್ಣುಮಗಳಂತೂ ಇಲ್ಲವೇ ಇಲ್ಲ. ಆಮೇಲೆ ಕಾನೂನು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯದ ತಿದ್ದುಪಡಿ ಜಾರಿಯಾದದ್ದು 1994ರ ಜುಲೈ 30ಕ್ಕೆ. ಅದಕ್ಕೆ ಮುಂಚೆ ಮದುವೆಯಾದ ಮಗಳಿಗೆ ಅದು ಅನ್ವಯಿಸದು. ಜುಲೈ 29ರಂದು ತಾಳಿ ಕಟ್ಟಿಸಿಕೊಂಡ ಅಕ್ಕ ಮಗಳಲ್ಲ, ಶ್ರಾವಣಕ್ಕೆ ಕಾದ ತಂಗಿ ಮಗಳು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಅಕ್ಕನೂ ಮಗಳಾದಳು. ಅಪ್ಪ ಆ ದಿನ ಬದುಕಿರಬೇಕೇ ಬೇಡವೇ ಎಂಬ ತಕರಾರು ನಡೆದು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಅಂತೂ ನಮ್ಮ ಮನೆಗಳಲ್ಲಿ ಹೆಣ್ಣು ಹುಟ್ಟಲು ಎರಡು ಸಲ ರಾಜ್ಯಪತ್ರ ಅಚ್ಚಾಗಿ, ಒಂದು ಸಲ ತೀರ್ಪು ಬರಬೇಕಾಯಿತು.

2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ವಿಭಾಗಗಳಿಗೆ ಬಾಧಕವಿಲ್ಲ ಎಂದು ಕೇಂದ್ರದ ಆ ತಿದ್ದುಪಡಿಯಲ್ಲೊಂದು ಮಾತಿದೆ. ಅದು ಗೊತ್ತಾದದ್ದೇ ತಡ, ರಾಜ್ಯದ ಅಣ್ಣತಮ್ಮಂದಿರ ನೆನಪಿನ ಶಕ್ತಿ ಇದ್ದಕ್ಕಿದ್ದಂತೆ ಚಿಗುರಿತು. ‘2003ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿದ್ವಿ ಸ್ವಾಮಿ.’ ನೋಂದಾಯಿಸಿದ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತ್ರ ವಿಭಾಗ ಎಂದು ಕಾಯ್ದೆ ಬರೆದವರಿಗೆ ಅಣ್ಣತಮ್ಮಂದಿರ ಪರಿಚಯ ಚೆನ್ನಾಗಿಯೇ ಇತ್ತು. ಉಳಿದ ದಾರಿ ಒಂದೇ: ಪ್ರಮಾಣಪತ್ರದ ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಬರೆಯದಿರುವುದು. ನೋಟರಿ ಮುಂದೆ ದೇವರ ಮೇಲೆ ಆಣೆ ಮಾಡಿ, ರಾಖಿ ಕಟ್ಟಿಸಿಕೊಂಡ ಕೈಯಲ್ಲೇ ಸಹಿ.

ಕರಾವಳಿಯವರು ಇದನ್ನು ಓದಿ ನಗುತ್ತಿರಬೇಕು. ಅಳಿಯಸಂತಾನದ ಮನೆಗಳಲ್ಲಿ ಕೊಂಬೆ ಚಾಚುವುದೇ ತಾಯಿಯ ಕಡೆಯಿಂದ, ಅಲ್ಲಿಯ ದಾವೆಯ ಕಡತಗಳಲ್ಲಿ ಅಜ್ಜಿಯರ ಹೆಸರುಗಳು ಸಾಲುಗಟ್ಟಿ ನಿಂತಿರುತ್ತವೆ. ಆದರೆ ಅಲ್ಲಿಯೂ ಕಾನೂನು ತನ್ನ ಹಾಸ್ಯಪ್ರಜ್ಞೆ ಬಿಟ್ಟಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ಪ್ರಕಾರ ಐವತ್ತು ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು (ಕುಟುಂಬದ ಕವಲು) ಮಾತ್ರ ಸಂತತಿ ಕವರು, ಉಳಿದದ್ದು ನಿಸ್ಸಂತತಿ ಕವರು. ಮನೆತುಂಬ ಆರು ಮಕ್ಕಳನ್ನು ಓಡಾಡಿಸಿಕೊಂಡಿದ್ದ ಗಂಡಸೂ ಕಾಗದದ ಮೇಲೆ ನಿಸ್ಸಂತತಿ; ಅವನ ಪಾಲು ಅವನ ಜೀವಮಾನಕ್ಕಷ್ಟೇ ಆಗಿತ್ತು. ಘಟ್ಟದ ಮೇಲಿನ ಗಂಡಸರನ್ನು ಒಂದು ವರ್ಷ ಆ ಕಾಯ್ದೆಯಡಿ ಇಟ್ಟು ನೋಡಬೇಕಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇಷ್ಟರ ನಡುವೆ ಸತ್ತವರು ಸಾಯುವುದಿಲ್ಲ ಎಂಬ ಸಮಸ್ಯೆ ಬೇರೆ. ಪೌತಿ ಖಾತೆ ಮಾಡಿಸಬೇಕಾದರೆ ವಾರಸುದಾರರೆಲ್ಲ ಒಪ್ಪಬೇಕು. ಒಪ್ಪುವುದಿಲ್ಲ. ಹಾಗಾಗಿ ಪಹಣಿಯಲ್ಲಿ ಅಜ್ಜನೇ ಮುಂದುವರಿಯುತ್ತಾನೆ. ‘ಭೂಮಿ’ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದಾಗ ಅಜ್ಜನೂ ಏರಿದ. ಶಾನುಭೋಗರ ಮಸಿಯಲ್ಲಿ ಬದುಕಿದ್ದವನು ಹದಿನೈದು ರೂಪಾಯಿಯ ಪ್ರಿಂಟಿನಲ್ಲೂ ಬದುಕಿದ. ಬೆಳೆ ಪರಿಹಾರ ಬಂದರೆ ಅಜ್ಜನ ಹೆಸರಿಗೆ, ನೋಟಿಸು ಬಂದರೆ ಅಜ್ಜನ ಹೆಸರಿಗೆ. ಈಚೆಗೆ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗಲೇ ಲಕ್ಷಗಟ್ಟಲೆ ಖಾತೆದಾರರು ತೀರಿಕೊಂಡಿರುವುದು ಸರ್ಕಾರಕ್ಕೆ ಖಚಿತವಾದದ್ದು. ಓಟಿಪಿ ಹೇಳಲು ಬರಲಿಲ್ಲವಲ್ಲ.

ಈ ಮೋಜೆಲ್ಲ ನೆಲ ಇದ್ದವರದು. ಇಲ್ಲದವರ ಮುತ್ತಜ್ಜ ಯಾವ ಕಾಲಮ್ಮಿನಲ್ಲಿ ಸಿಗಬೇಕು? ಕೆರೆ ತೋಡಿದವರು, ಬದು ಹಾಕಿದವರು, ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದುಕೊಂಡು ಬಿಸಿಲಲ್ಲಿ ನಿಂತವರು, ಇವರ ಹೆಸರು ಎಲ್ಲಿದೆ? ಚಕ್ಕುಬಂದಿಯಲ್ಲಿ ‘ಉತ್ತರಕ್ಕೆ ಕೇರಿಗೆ ಹೋಗುವ ದಾರಿ’ ಎಂದಿದೆ. ದಾರಿ ದಾಖಲಾಗಿದೆ, ಕೇರಿಯಲ್ಲಿದ್ದವರು ಆಗಿಲ್ಲ. ತೋಟಿ, ತಳವಾರ, ನೀರುಗಂಟಿಗಳಿಗೆ ಊಳಿಗಕ್ಕೆಂದು ಬಿಟ್ಟಿದ್ದ ಇನಾಂ ನೆಲದ ಕಡತಗಳಲ್ಲಿ ಕೆಲವರು ಸಿಗುತ್ತಾರೆ, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಡಿ ಮರುಮಂಜೂರಾತಿಗೆ ಅರ್ಜಿ ಹಾಕಿದ್ದರೆ. ಸಿಕ್ಕ ನೆಲ ಕೈತಪ್ಪದಿರಲಿ ಎಂದು 1978ರಲ್ಲಿ ಪರಭಾರೆ ನಿಷೇಧದ ಕಾಯ್ದೆ ತರಬೇಕಾಯಿತು ಎಂದರೆ, ಆ ಹೊತ್ತಿಗೆ ಎಷ್ಟು ಕೈತಪ್ಪಿತ್ತೆಂದು ಊಹಿಸಿಕೊಳ್ಳಿ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಡಿ ನೆಲ ಹೋದವರದು ಇನ್ನೂ ಒಂದು ಮಾದರಿ. ಅವರಿಗೆ ಹಳೆಯ ನಂಬರು ನೆನಪಿದೆ. ನಂಬರಿನ ಮೇಲೆ ಶರಾವತಿ ನಿಂತಿದ್ದಾಳೆ. ಹೊಸದಾಗಿ ಕೊಟ್ಟ ನೆಲಕ್ಕೆ ಸರಿಯಾದ ಕಾಗದವಿಲ್ಲ. ಅವರ ವಂಶವೃಕ್ಷ ಬರೆಯಬೇಕಾದರೆ ದೋಣಿ ಬೇಕು.

ಷಡ್ಡಕರ ಪುಸ್ತಕ ಅಚ್ಚಾಯಿತು. ದಪ್ಪ ರಟ್ಟು, ಮುಖಪುಟದಲ್ಲಿ ಹಂಪಿಯ ಕಲ್ಲಿನ ರಥ. ಅಚ್ಚಿಗೆ ಕೊಡುವ ಮೊದಲು ಅವರೊಂದು ಎಚ್ಚರಿಕೆ ವಹಿಸಿದ್ದರು. ಅವರ ಒಬ್ಬಳೇ ತಂಗಿ ಪಿತ್ರಾರ್ಜಿತದಲ್ಲಿ ಪಾಲು ಕೇಳಿ ದಾವೆ ಹಾಕಿದ್ದಾರೆ. ಪುಸ್ತಕದಲ್ಲಿ ಆಕೆಯನ್ನು ತೋರಿಸಬೇಕೇ ಬೇಡವೇ ಎಂದು ವಕೀಲರನ್ನು ಕೇಳಿದರು. ವಕೀಲರು ಸಾಕ್ಷ್ಯ ಕಾಯ್ದೆ ತೆಗೆದರು. ಮನೆತನದ ವಂಶಾವಳಿಯಲ್ಲಿ ನೆಂಟಸ್ತಿಕೆಯ ಬಗ್ಗೆ ಸತ್ತವರು ಬರೆದಿಟ್ಟದ್ದು ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ ಎಂದು ಅದರಲ್ಲಿದೆ. ‘ಸಾರ್, ತಂಗಿ ಅಂತ ಬರೆದರೆ ನೀವು ಇರೋವರೆಗೆ ಅದು ನಿಮ್ಮ ಒಪ್ಪಿಗೆ, ಹೋದ ಮೇಲೆ ನಿಮ್ಮ ಸಾಕ್ಷಿ’ ಎಂದರು. ಷಡ್ಡಕರು ಮನೆಗೆ ಬಂದು ಆಲೋಚಿಸಿ, ತಂಗಿ ಇರಬೇಕಾದ ಜಾಗದಲ್ಲಿ ‘ವಿವರ ಲಭ್ಯವಿಲ್ಲ’ ಎಂದು ಹಾಕಿಸಿದರು. ಬಿಡುಗಡೆಯ ದಿನ ಪುಸ್ತಕದ ಮೊದಲ ಪ್ರತಿಯನ್ನು ಹಣ ಕೊಟ್ಟು, ರಸೀದಿ ಬರೆಸಿಕೊಂಡು ಒಯ್ದವರು ತಂಗಿಯ ವಕೀಲರು. ಮುಂದಿನ ಹಿಯರಿಂಗಿನಲ್ಲಿ ಅದನ್ನು ನಿಶಾನೆ ಮಾಡಿಸುತ್ತಾರಂತೆ. ಪುಸ್ತಕದ ಅರ್ಪಣೆಯ ಪುಟವನ್ನು ಷಡ್ಡಕರು ಮರೆತಿದ್ದರು. ಅಲ್ಲಿ ‘ನಮ್ಮಿಬ್ಬರನ್ನೂ ಹೆತ್ತು ಸಾಕಿದ ಅಮ್ಮನಿಗೆ’ ಎಂದಿದೆ.